ಸಭೆಯೊಳಗೊಬ್ಬ ಸಂಪಾದಕ

ಮುಳಬಾಗಿಲಿನ ಆ ತರುಣನಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆ ದಾಟಲಾಗಲಿಲ್ಲ. ಊರಿನ ಶಾಲೆಯಲ್ಲಿ ಕೆಲಕಾಲ ಬದಲಿ ಮೇಷ್ಟರಾಗಿದ್ದ. ಕೋಲಾರದ ಚಿನ್ನದ ಗಣಿಯ ಕಡೆ ಸೋಡಾ ಕಾರ್ಖಾನೆಯಲ್ಲಿ ದುಡಿದ. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆ ಸೇರಿದ. ಅಲ್ಲಿಂದ 'ಸೂರ್ಯೋದಯ ಪ್ರಕಾಶಿಕೆ' ಪತ್ರಿಕೆಯ ಕಚೇರಿಗೆ ಹೋದವನು ಮತ್ತೆ ಬೇರೆ ಕಸುಬಿನ ಕಡೆ ತಿರುಗಿ ನೋಡಲಿಲ್ಲ. 1912ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಬೆಂಗಳೂರು ನಗರಸಭೆಯ ಸದಸ್ಯನಾದ. ಮರುವರ್ಷವೇ 'ಕರ್ನಾಟಕ' ಎಂಬ ಇಂಗ್ಲಿಷ್ ಅರ್ಧವಾರಪತ್ರಿಕೆ ಹೊರಡಿಸಿದ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬ ಆತನನ್ನು ನಾಡು ಡಿವಿಜಿ ಎಂದೇ ಬಲ್ಲದು.

ಇವತ್ತು ಡಿವಿಜಿ ಎಂದರೆ 'ಮಂಕುತಿಮ್ಮನ ಕಗ್ಗ'. ಮನೆಯ ಗೋಡೆಯ ಫಲಕದಲ್ಲಿ, ಮೊಬೈಲಿನ ಶುಭೋದಯದ ಸಂದೇಶದಲ್ಲಿ, ಆಫೀಸಿನ ಬೀಳ್ಕೊಡುಗೆ ಭಾಷಣದಲ್ಲಿ ಕಗ್ಗದ ಪದ್ಯಗಳು ಓಡಾಡುತ್ತವೆ. ಆ ಪುಸ್ತಕ ಬಂದದ್ದು 1943ರಲ್ಲಿ, ಅವರಿಗೆ 56 ವರ್ಷವಾಗಿದ್ದಾಗ. ಅಷ್ಟು ಹೊತ್ತಿಗೆ ಅವರು ಮೂರು ದಶಕಕ್ಕೂ ಹೆಚ್ಚು ಕಾಲ ಪತ್ರಿಕೆ, ನಗರಸಭೆ, ಶಾಸನ ಸಭೆ, ವಿಶ್ವವಿದ್ಯಾಲಯದ ಸೆನೆಟ್ಟುಗಳಲ್ಲಿ ಕಳೆದಿದ್ದರು. ಕವಿಯನ್ನು ಮೆರೆಸುವ ಭರದಲ್ಲಿ ಕನ್ನಡಿಗರು ಈ ರಾಜಕೀಯದ ಸಂಪಾದಕನನ್ನು ಹಿಂದಕ್ಕೆ ಸರಿಸಿದ್ದಾರೆ. ಅದು ನಷ್ಟದ ವ್ಯವಹಾರ. ಪತ್ರಿಕೆ ನಡೆಸುವವನು ರಾಜಕೀಯಕ್ಕೆ ಇಳಿದರೆ ಏನಾಗಬೇಕು, ಏನಾಗಬಾರದು ಎಂಬ ಪ್ರಶ್ನೆಗೆ ಕರ್ನಾಟಕ ಕೊಟ್ಟ ಅತ್ಯಂತ ಸ್ಪಷ್ಟವಾದ ಉತ್ತರ ಅವರ ಬದುಕಿನಲ್ಲಿದೆ.

ಅವರು ಕಾಲಿಟ್ಟ ಮೈಸೂರು ಸಂಸ್ಥಾನ ವಿಚಿತ್ರವಾದ ಜಾಗ. 1881ರಲ್ಲೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ದರು. 1907ರಲ್ಲಿ ಅದರ ಜೊತೆಗೆ ನ್ಯಾಯವಿಧಾಯಕ ಸಭೆಯೂ ಬಂತು. ಭಾರತದ ಬೇರೆ ಎಷ್ಟೋ ಕಡೆ ಇಲ್ಲದ ಈ ಸಭೆಗಳ ಬಗ್ಗೆ ಸಂಸ್ಥಾನಕ್ಕೆ ಹೆಮ್ಮೆಯಿತ್ತು. ಆದರೆ ಸಭೆ ಕೇಳಬಹುದಿತ್ತು, ಚರ್ಚಿಸಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ಜೊತೆಗೆ 1908ರಲ್ಲಿ, ವಿ. ಪಿ. ಮಾಧವರಾವ್ ದಿವಾನರಾಗಿದ್ದಾಗ, ಪತ್ರಿಕೆಗಳ ಕೊರಳಿಗೆ ಒಂದು ಕಾನೂನು ಬಿತ್ತು. ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿ ಬೇಕು, ಆ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದು. ಮೈಸೂರಿನಲ್ಲಿ 'ತಾತಯ್ಯ' ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಮರಿಮಲ್ಲಪ್ಪ ಶಾಲೆಯ ಈ ಮುಖ್ಯೋಪಾಧ್ಯಾಯರು ಪ್ರಜಾಪ್ರತಿನಿಧಿ ಸಭೆಯಲ್ಲೂ ದನಿಯೆತ್ತಿದವರು. ಸಂಪಾದಕನೇ ಸಭೆಯ ಸದಸ್ಯನೂ ಆಗುವ ಸಂಪ್ರದಾಯಕ್ಕೆ ಮೈಸೂರಿನಲ್ಲಿ ಅವರೇ ಹಿರಿಯರು.

ಆ ಕಾನೂನಿನ ನೆರಳಿನಲ್ಲೇ ಡಿವಿಜಿ ಅವರ 'ಕರ್ನಾಟಕ' ಹುಟ್ಟಿತು. ಆಗಷ್ಟೇ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಮೈಸೂರು ಬ್ಯಾಂಕು 1913ರಲ್ಲಿ, ವಿಶ್ವವಿದ್ಯಾಲಯ 1916ರಲ್ಲಿ ಎಂಬಂತೆ ಒಂದಾದ ಮೇಲೊಂದು ಸಂಸ್ಥೆ ತಲೆಯೆತ್ತುತ್ತಿದ್ದ ಕಾಲ. ದಿವಾನರಿಗೂ ಈ ಎಳೆಯ ಸಂಪಾದಕನಿಗೂ ಬೆಳೆದ ಸ್ನೇಹ ಜೀವನಪೂರ್ತಿ ಉಳಿಯಿತು.

ಪತ್ರಿಕೆ ಯಾಕೆ ಇಂಗ್ಲಿಷಿನಲ್ಲಿ? ದಿವಾನರ ಕಚೇರಿ, ಬ್ರಿಟಿಷ್ ರೆಸಿಡೆಂಟರ ಬಂಗಲೆ, ಮದ್ರಾಸಿನ ಪತ್ರಿಕಾಲಯಗಳು ಓದುತ್ತಿದ್ದುದು ಇಂಗ್ಲಿಷನ್ನೇ. ಆಳುವವರ ಮೇಜಿಗೆ ಪ್ರಜೆಯ ಅಹವಾಲು ತಲುಪಬೇಕಾದರೆ ಅದೇ ದಾರಿ. ಹಾಗೆಂದು ಡಿವಿಜಿ ಕನ್ನಡವನ್ನು ಬದಿಗಿಡಲಿಲ್ಲ. ಗೋಪಾಲಕೃಷ್ಣ ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು. 'ಕರ್ನಾಟಕ ಜನಜೀವನ ಮತ್ತು ಅರ್ಥಸಾಧಕ ಪತ್ರಿಕೆ' ಎಂಬ ಮಾಸಪತ್ರಿಕೆ ನಡೆಸಿದರು. ಮುಂದೆ 'ರಾಜ್ಯಶಾಸ್ತ್ರ'ವನ್ನೂ ಕನ್ನಡದಲ್ಲೇ ಬರೆದರು. ಆಳುವವರಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ, ಪ್ರಜೆಗೆ ಕನ್ನಡದಲ್ಲಿ ತಿಳಿವಳಿಕೆ: ಅವರ ದುಡಿಮೆಯಲ್ಲಿ ಈ ಎರಡು ಕವಲುಗಳು ಕೊನೆಯವರೆಗೂ ಕಾಣುತ್ತವೆ.

ಅದೇ ದಶಕಗಳಲ್ಲಿ ಸಾವಿರಾರು ಮೈಲಿ ದೂರದ ಪಶ್ಚಿಮ ಆಫ್ರಿಕಾದಲ್ಲೂ ಇಂಥದೇ ಕಥೆ ನಡೆಯುತ್ತಿತ್ತು. ಇವತ್ತಿನ ಘಾನಾ, ಅಂದಿನ ಗೋಲ್ಡ್ ಕೋಸ್ಟ್. ಅಲ್ಲಿ ವಕೀಲ ಜೋಸೆಫ್ ಕೇಸ್ಲಿ ಹೇಫರ್ಡ್ 'ಗೋಲ್ಡ್ ಕೋಸ್ಟ್ ಲೀಡರ್' ಪತ್ರಿಕೆ ನಡೆಸುತ್ತ ವಸಾಹತಿನ ಶಾಸನ ಮಂಡಳಿಯಲ್ಲೂ ಕೂತರು, 1920ರಲ್ಲಿ ಬ್ರಿಟಿಷ್ ಪಶ್ಚಿಮ ಆಫ್ರಿಕಾದ ರಾಷ್ಟ್ರೀಯ ಕಾಂಗ್ರೆಸ್ ಕಟ್ಟುವುದರಲ್ಲಿ ಮುಂದಾಳಾದರು. ಅವರ ಮುಂದಿನ ತಲೆಮಾರಿನ ನ್ನಾಮ್ಡಿ ಅಜಿಕಿವೆ ಇನ್ನೂ ದೂರ ಹೋದರು. ಅಮೆರಿಕದಲ್ಲಿ ಓದಿ ಬಂದ ಈ ನೈಜೀರಿಯಾದವರು ಆಕ್ರಾದಲ್ಲಿ 'ಆಫ್ರಿಕನ್ ಮಾರ್ನಿಂಗ್ ಪೋಸ್ಟ್' ಸಂಪಾದಕರಾದರು. 1936ರಲ್ಲಿ ಅದರಲ್ಲಿ ವಾಲೇಸ್-ಜಾನ್ಸನ್ ಎಂಬವರು ಬರೆದ ಒಂದು ಲೇಖನಕ್ಕಾಗಿ ಇಬ್ಬರ ಮೇಲೂ ರಾಜದ್ರೋಹದ ಮೊಕದ್ದಮೆ ಬಿತ್ತು. ಅಜಿಕಿವೆಗೆ ಆರು ತಿಂಗಳ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಬಿಡುಗಡೆಯಾದರು. 1937ರ ನವೆಂಬರಿನಲ್ಲಿ ಲಾಗೋಸ್‌ನಲ್ಲಿ 'ವೆಸ್ಟ್ ಆಫ್ರಿಕನ್ ಪೈಲಟ್' ದಿನಪತ್ರಿಕೆ ಶುರು ಮಾಡಿದರು. 1944ರಲ್ಲಿ ಹಿರಿಯ ನಾಯಕ ಹರ್ಬರ್ಟ್ ಮೆಕಾಲೆ ಅವರೊಡನೆ ಪಕ್ಷ ಕಟ್ಟಿದರು. 1945ರ ಸಾರ್ವತ್ರಿಕ ಮುಷ್ಕರದ ವೇಳೆ ಬ್ರಿಟಿಷ್ ಸರ್ಕಾರ ಅವರ ಪತ್ರಿಕೆಗಳಿಗೆ ನಿಷೇಧ ಹೇರಿತು. ಆದರೂ ಅವರ ನಡಿಗೆ ನಿಲ್ಲಲಿಲ್ಲ. 1954ರಲ್ಲಿ ಪೂರ್ವ ಪ್ರಾಂತ್ಯದ ಪ್ರಧಾನಿ, 1960ರಲ್ಲಿ ಗವರ್ನರ್ ಜನರಲ್, 1963ರಲ್ಲಿ ನೈಜೀರಿಯಾ ಗಣರಾಜ್ಯದ ಮೊದಲ ಅಧ್ಯಕ್ಷ.

ಅಚ್ಚಿನ ಮನೆಯಿಂದ ರಾಷ್ಟ್ರಪತಿ ಭವನದವರೆಗಿನ ಈ ಹಾದಿ ರೋಮಾಂಚನ ಹುಟ್ಟಿಸುತ್ತದೆ. ಆದರೆ ಅದರಲ್ಲೊಂದು ಮುಳ್ಳಿತ್ತು. ಪ್ರಧಾನಿಯಾಗಿದ್ದಾಗ ಅಜಿಕಿವೆ ತಮ್ಮ ಪ್ರಾಂತ್ಯದ ಸಾರ್ವಜನಿಕ ಹಣ ಆಫ್ರಿಕನ್ ಕಾಂಟಿನೆಂಟಲ್ ಬ್ಯಾಂಕಿಗೆ ಹೋಗಲು ಬಿಟ್ಟರು. ಆ ಬ್ಯಾಂಕಿನಲ್ಲಿ ಅವರಿಗೂ ಅವರ ಪತ್ರಿಕಾ ಸಂಸ್ಥೆಗೂ ಪಾಲಿತ್ತು. 1956ರಲ್ಲಿ ನೇಮಕವಾದ ಫಾಸ್ಟರ್-ಸಟನ್ ವಿಚಾರಣಾ ಮಂಡಳಿ ಮರುವರ್ಷ ವರದಿ ಕೊಟ್ಟು ಅವರ ನಡತೆಯನ್ನು ಟೀಕಿಸಿತು. ಅವರು ಬ್ಯಾಂಕಿನಲ್ಲಿದ್ದ ತಮ್ಮ ಹಕ್ಕುಗಳನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು ಮತ್ತೆ ಚುನಾವಣೆಗೆ ನಿಂತು ಗೆದ್ದರು. ಬ್ರಿಟಿಷ್ ಬ್ಯಾಂಕುಗಳ ಏಕಸ್ವಾಮ್ಯ ಮುರಿಯಲು ಆಫ್ರಿಕನ್ನರದೇ ಬ್ಯಾಂಕು ಬೇಕಿತ್ತು ಎಂಬ ಅವರ ವಾದದಲ್ಲಿ ಹುರುಳಿತ್ತು. ಆದರೆ ಪತ್ರಿಕೆಯೂ ಬ್ಯಾಂಕೂ ಸರ್ಕಾರವೂ ಒಬ್ಬರ ಕೈಯಲ್ಲೇ ಇದ್ದಾಗ ಆ ಸರ್ಕಾರವನ್ನು ಪ್ರಶ್ನಿಸುವ ಪತ್ರಿಕೆ ಯಾವುದು?

ಕರ್ನಾಟಕದಲ್ಲೂ ಆ ಹಾದಿ ಹಿಡಿದ ದೊಡ್ಡವರಿದ್ದಾರೆ. ಧಾರವಾಡದ ರಂಗನಾಥ ದಿವಾಕರರು 1921ರಲ್ಲಿ 'ಕರ್ಮವೀರ' ಹೊರಡಿಸಿದರು, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡರು, ಪ್ರದೇಶ ಕಾಂಗ್ರೆಸ್ ಮುನ್ನಡೆಸಿದರು, ಸ್ವತಂತ್ರ ಭಾರತದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾದರು, ಆಮೇಲೆ ಬಿಹಾರದ ರಾಜ್ಯಪಾಲರಾದರು. ಅವರು ಸರ್ಕಾರದಲ್ಲಿದ್ದಾಗಲೇ, 1951ರಲ್ಲಿ, ಸಂವಿಧಾನದ ಮೊದಲ ತಿದ್ದುಪಡಿ ಬಂದು ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ ಸರ್ಕಾರ ಹೇರಬಹುದಾದ ನಿರ್ಬಂಧಗಳ ವ್ಯಾಪ್ತಿ ಹಿಗ್ಗಿತು. ಅದೇ ವರ್ಷ ಆಕ್ಷೇಪಾರ್ಹ ಬರಹಗಳ ಕುರಿತ ಪತ್ರಿಕಾ ಕಾಯಿದೆಯೂ ಬಂತು. ಬೆಂಗಳೂರಿನಲ್ಲಿ ಪಿ. ಆರ್. ರಾಮಯ್ಯನವರ 'ತಾಯಿನಾಡು' ಕಾಂಗ್ರೆಸ್ಸಿನ ದನಿಯಾಗಿ ಬೆಳೆಯಿತು. ಇವರೆಲ್ಲ ತ್ಯಾಗ ಮಾಡಿದವರು, ಪ್ರಾಮಾಣಿಕರು. ಸ್ವಾತಂತ್ರ್ಯದ ಹೋರಾಟಕ್ಕೆ ಪಕ್ಷವೂ ಬೇಕಿತ್ತು, ಪಕ್ಷಕ್ಕೆ ಪತ್ರಿಕೆಯೂ ಬೇಕಿತ್ತು. ಆದರೆ ಗೆದ್ದ ಪಕ್ಷ ಸರ್ಕಾರವಾದ ದಿನ, ಅದರ ಪತ್ರಿಕೆಗೆ ತನ್ನವರನ್ನೇ ಪ್ರಶ್ನಿಸುವ ಹೊಸ ಕಷ್ಟ ಎದುರಾಗುತ್ತದೆ.

ಡಿವಿಜಿ ಬೇರೆ ದಾರಿ ಹಿಡಿದರು. ರಾನಡೆ, ಗೋಖಲೆಯವರ ಉದಾರವಾದಿ ಪರಂಪರೆ ಅವರದು. ಗೋಖಲೆಯವರೂ ಪುಣೆಯಲ್ಲಿ ಸಾರ್ವಜನಿಕ ಸಭೆಯ ತ್ರೈಮಾಸಿಕ ಸಂಪಾದಿಸಿ ಬಂದವರೇ. ಅಂಕಿಅಂಶ ಕಲೆಹಾಕಿ, ಆಯವ್ಯಯ ಪತ್ರವನ್ನು ಸಾಲುಸಾಲಾಗಿ ಓದಿ, ಆಮೇಲೆ ಮಾತಾಡುವುದು ಆ ಪರಂಪರೆಯ ಕ್ರಮ. ಡಿವಿಜಿ 1912ರಿಂದ 1916ರವರೆಗೆ ನಗರಸಭೆಯಲ್ಲಿದ್ದರು. 1926ರಿಂದ 1940ರವರೆಗೆ ಮೈಸೂರು ನ್ಯಾಯವಿಧಾಯಕ ಸಭೆಯಲ್ಲಿ, 1927ರಿಂದ 1943ರವರೆಗೆ ವಿಶ್ವವಿದ್ಯಾಲಯದ ಸೆನೆಟ್ಟಿನಲ್ಲಿ ಸದಸ್ಯರಾಗಿದ್ದರು. ಇಷ್ಟು ವರ್ಷ ಅಧಿಕಾರದ ಪಕ್ಕದಲ್ಲೇ ಕೂತವರು ಸರ್ಕಾರದ ಒಳಗೆ ಹೋಗಲಿಲ್ಲ, ಪಕ್ಷ ಕಟ್ಟಲಿಲ್ಲ. ಸಭೆಯಲ್ಲಿ ಅವರು ಮಾಡಿದ್ದು ಸಂಪಾದಕನ ಕೆಲಸವನ್ನೇ: ಕೇಳುವುದು, ಕಡತ ಓದುವುದು, ಹೊರಗಿನವರಿಗೆ ತಿಳಿಯುವಂತೆ ಹೇಳುವುದು.

ಅವರು ಬಿಡದೆ ಹಿಡಿದ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಬ್ರಿಟಿಷ್ ಇಂಡಿಯಾದ ಪ್ರಜೆಗಳ ಹಕ್ಕಿನ ಬಗ್ಗೆ ದೇಶವೆಲ್ಲ ಮಾತಾಡುತ್ತಿದ್ದಾಗ ದೇಶೀ ಸಂಸ್ಥಾನಗಳ ಕೋಟ್ಯಂತರ ಪ್ರಜೆಗಳ ಗತಿಯೇನು ಎಂಬುದು ಬಹುಮಂದಿಯ ಗಮನಕ್ಕೇ ಬಂದಿರಲಿಲ್ಲ. ಮಾತುಕತೆ ನಡೆಯುತ್ತಿದ್ದುದು ವೈಸ್‌ರಾಯ್ ಮತ್ತು ಮಹಾರಾಜರ ನಡುವೆ. ಅಲ್ಲಿ ಪ್ರಜೆಗೆ ಕುರ್ಚಿಯಿರಲಿಲ್ಲ. ಡಿವಿಜಿ ಇಂಗ್ಲಿಷಿನಲ್ಲಿ ಲೇಖನ, ಪುಸ್ತಿಕೆ, ಪುಸ್ತಕಗಳನ್ನು ಬರೆದು ಈ ಪ್ರಶ್ನೆಯನ್ನು ವರ್ಷಾನುಗಟ್ಟಲೆ ಎತ್ತಿದರು. ಮುಂದಿನ ಭಾರತದ ರಾಜ್ಯಾಂಗದಲ್ಲಿ ಸಂಸ್ಥಾನದ ಪ್ರಜೆಯೂ ಪೂರ್ತಿ ಪ್ರಜೆಯಾಗಬೇಕು ಎಂಬುದು ಅವರ ನಿಲುವು. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದದ್ದು 1947ರ ಅಕ್ಟೋಬರಿನಲ್ಲಿ, 'ಮೈಸೂರು ಚಲೋ' ಚಳವಳಿಯ ಒತ್ತಡದಿಂದ. ಬೀದಿಗಿಳಿದ ಜನರ ಪಾಲು ಅದರಲ್ಲಿ ದೊಡ್ಡದು. ಅದಕ್ಕೂ ಮೊದಲು ವಾದವನ್ನು ಕಾಗದದ ಮೇಲೆ ಗಟ್ಟಿಮಾಡಿಟ್ಟವರಲ್ಲಿ ಡಿವಿಜಿ ಮುಂಚೂಣಿಯವರು.

ಪತ್ರಿಕೆಯ ಕಸುಬನ್ನೂ ಅವರು ಕೈಬಿಡಲಿಲ್ಲ. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದರು. 'ವೃತ್ತಪತ್ರಿಕೆ' ಎಂಬ ಪುಸ್ತಕ ಬರೆದು ಈ ಕಸುಬಿನ ಸ್ವರೂಪವನ್ನೂ ಹೊಣೆಯನ್ನೂ ಕನ್ನಡದಲ್ಲಿ ವಿವರಿಸಿದರು. 1932ರಲ್ಲಿ ಪತ್ರಕರ್ತರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಅದೇ ವರ್ಷ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರಿಗೆ ಒಲಿಯಿತು. ಇಂದಿನ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ ತನ್ನ ಇತಿಹಾಸವನ್ನು ಆ 1932ರಿಂದಲೇ ಎಣಿಸುತ್ತದೆ.

ಈ ದಾರಿಗೆ ತೆತ್ತ ಬೆಲೆ ಸಣ್ಣದಲ್ಲ. 'ಕರ್ನಾಟಕ' ಎಂಟು ವರ್ಷಗಳ ಸುಮಾರಿಗೆ ನಿಂತುಹೋಯಿತು. ಬೆನ್ನಿಗೆ ಪಕ್ಷವಿಲ್ಲದ, ಧಣಿಗಳ ಹಣವಿಲ್ಲದ ಪತ್ರಿಕೆ ಅಷ್ಟು ದಿನ ನಡೆದದ್ದೇ ಹೆಚ್ಚು. ಮುಂದೆ ಹೊರಡಿಸಿದ ನಿಯತಕಾಲಿಕಗಳೂ ದೀರ್ಘಕಾಲ ಬಾಳಲಿಲ್ಲ. ಸಂಸಾರವನ್ನು ಬರವಣಿಗೆಯ ಆದಾಯದಲ್ಲೇ ಸಾಗಿಸಿದರು. ಅಜಿಕಿವೆಯವರಂತೆ ಪತ್ರಿಕೆಗಳ ಸರಣಿ ಕಟ್ಟಲಾಗಲಿಲ್ಲ, ದಿವಾಕರರಂತೆ ದೆಹಲಿಯಲ್ಲಿ ಕಾನೂನು ರೂಪಿಸುವ ಜಾಗ ಸಿಗಲಿಲ್ಲ. ಚುನಾವಣಾ ರಾಜಕೀಯದ ಲೆಕ್ಕದಲ್ಲಿ ಇದು ಸೋಲಿನ ಪಟ್ಟಿಯಂತೆಯೇ ಕಾಣುತ್ತದೆ.

ಆ ಪಟ್ಟಿಯ ಇನ್ನೊಂದು ತುದಿಯಲ್ಲಿ 1945 ಇದೆ. ಆ ವರ್ಷ ಡಿವಿಜಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಇಂದಿಗೂ ನರಸಿಂಹರಾಜ ಕಾಲೋನಿಯ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಸ್ವಾತಂತ್ರ್ಯ ಬರುತ್ತದೆ ಎಂಬುದು ಆಗ ಹೆಚ್ಚುಕಡಿಮೆ ಖಚಿತವಾಗಿತ್ತು. ಬಂದ ಮೇಲೆ ಮತ ಹಾಕುವವರಿಗೆ ರಾಜ್ಯ ಹೇಗೆ ನಡೆಯುತ್ತದೆಂದು ಹೇಳಿಕೊಡುವವರು ಯಾರು? ಪತ್ರಿಕೆಯಿಂದ ಆಗದೆ ಉಳಿದ ಈ ಕೆಲಸಕ್ಕೆ ಅವರು ಗ್ರಂಥಾಲಯ, ಉಪನ್ಯಾಸ, ಅಧ್ಯಯನ ಗೋಷ್ಠಿ, 'ಪಬ್ಲಿಕ್ ಅಫೇರ್ಸ್' ಎಂಬ ಮಾಸಪತ್ರಿಕೆ ಇಷ್ಟನ್ನೂ ಒಂದೇ ಸೂರಿನಡಿ ತಂದರು. 1970ರಲ್ಲಿ ನಾಡು ಅವರನ್ನು ಸನ್ಮಾನಿಸಿ ನಿಧಿ ಅರ್ಪಿಸಿದಾಗ ಇಡೀ ಮೊತ್ತವನ್ನು ಈ ಸಂಸ್ಥೆಗೇ ಕೊಟ್ಟರು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ತೀರಿಕೊಂಡಾಗ ದೇಶದಲ್ಲಿ ತುರ್ತು ಪರಿಸ್ಥಿತಿಯಿತ್ತು, ಪತ್ರಿಕೆಗಳು ಸರ್ಕಾರದ ಸೆನ್ಸಾರಿನ ಕೆಳಗಿದ್ದವು. ಅನುಮತಿಯಿಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲ ಎಂಬ ಕಾಲದಲ್ಲಿ ಕಸುಬು ಕಲಿತವರು, ಅನುಮತಿಯಿಲ್ಲದೆ ಸುದ್ದಿ ಅಚ್ಚು ಹಾಕುವಂತಿಲ್ಲ ಎಂಬ ಕಾಲದಲ್ಲಿ ಕಣ್ಣುಮುಚ್ಚಿದರು.

ಇದೆಲ್ಲ ಬಸವನಗುಡಿಯ ಹಳೆಯ ಕಥೆ, ನಮಗೇನು ಎಂದು ಪೀಣ್ಯದಲ್ಲೋ ವೈಟ್‌ಫೀಲ್ಡಿನಲ್ಲೋ ಇರುವ ಓದುಗರು ಕೇಳಬಹುದು. ಡಿವಿಜಿ ನಗರಸಭೆಯಲ್ಲಿದ್ದಾಗ ಪೀಣ್ಯ ಒಂದು ಹಳ್ಳಿ. ವೈಟ್‌ಫೀಲ್ಡ್ 1880ರ ದಶಕದಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಹುಟ್ಟಿಕೊಂಡ ಪುಟ್ಟ ವಸತಿ. ಎಲೆಕ್ಟ್ರಾನಿಕ್ ಸಿಟಿ ಇರುವ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ ಬರೀ ಹೊಲ. ಇಂದು ರಾಜ್ಯದ ದುಡಿಮೆಯ, ತೆರಿಗೆಯ ಬಹುದೊಡ್ಡ ಪಾಲು ಬರುವುದು ಈ ಮೂರು ದಿಕ್ಕುಗಳಿಂದ. ಆದರೆ 1912ರ ಬೆಂಗಳೂರಿಗನಿಗೆ ಇದ್ದ ಒಂದು ಅನುಕೂಲ ಇಲ್ಲಿನ ನಿವಾಸಿಗೆ ವರ್ಷಗಟ್ಟಲೆ ಇರಲಿಲ್ಲ: ತನ್ನ ಪರವಾಗಿ ನಗರದ ಸಭೆಯಲ್ಲಿ ಎದ್ದುನಿಂತು ಕೇಳುವ ಒಬ್ಬ ಸದಸ್ಯ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಬೆಂಗಳೂರು ಪಾಲಿಕೆಗೆ ಸೇರಿ ಬಿಬಿಎಂಪಿ ಆಯಿತು. ದಾಸರಹಳ್ಳಿ, ಮಹದೇವಪುರ, ಬೊಮ್ಮನಹಳ್ಳಿಯ ನಗರಸಭೆಗಳು ಕರಗಿದ್ದು ಹೀಗೆ. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಕೌನ್ಸಿಲಿನ ಅವಧಿ ಮುಗಿಯಿತು, ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಐದು ವರ್ಷ ಕಳೆದು 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಹೊಸ ಪಾಲಿಕೆಗಳು ಹುಟ್ಟಿದಾಗಲೂ ಅವುಗಳಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಪ್ರದೇಶದ ವ್ಯವಸ್ಥೆಯಂತೂ ಬೇರೆಯೇ. ಕೈಗಾರಿಕೆಗಳೇ ನಾಗರಿಕ ಸೌಲಭ್ಯ ಒದಗಿಸುವ ಕಡೆ ಪುರಸಭೆ ರಚಿಸದೆ ಕೈಗಾರಿಕಾ ಟೌನ್‌ಶಿಪ್ ಎಂದು ಘೋಷಿಸಲು ಸಂವಿಧಾನದ 243-ಕ್ಯೂ ವಿಧಿಯಲ್ಲಿ ಅವಕಾಶವಿದೆ. ಅದರಂತೆ 2013ರಿಂದ ಅಲ್ಲಿ ಟೌನ್‌ಶಿಪ್ ಪ್ರಾಧಿಕಾರ ಆಡಳಿತ ನೋಡಿಕೊಳ್ಳುತ್ತಿದೆ. ರಸ್ತೆ, ಚರಂಡಿ ಅಚ್ಚುಕಟ್ಟಾಗಿವೆ ಎಂದು ಹೊಗಳುವವರಿದ್ದಾರೆ, ಹೊಗಳಿಕೆ ಸುಳ್ಳಲ್ಲ. ಆದರೆ ಅಲ್ಲಿ ದುಡಿಯುವ ಗಾರ್ಡು, ಹೌಸ್‌ಕೀಪಿಂಗ್ ಹೆಂಗಸು, ಕ್ಯಾಬ್ ಚಾಲಕ, ಎಂಜಿನಿಯರ್ ಯಾರ ಮತಕ್ಕೂ ಆ ಆಡಳಿತದಲ್ಲಿ ಜಾಗವಿಲ್ಲ. ವೈಸ್‌ರಾಯ್ ಮತ್ತು ಮಹಾರಾಜರ ಮಾತುಕತೆಯಲ್ಲಿ ಪ್ರಜೆ ಎಲ್ಲಿ ಎಂದು ಕೇಳಿದ ಸಂಪಾದಕ, ಸರ್ಕಾರ ಮತ್ತು ಉದ್ಯಮದ ಈ ಏರ್ಪಾಟನ್ನೂ ಅದೇ ಪ್ರಶ್ನೆಯಿಂದ ಅಳೆಯುತ್ತಿದ್ದರು.

ಕೇಳುವವರೇ ಇಲ್ಲ ಎನ್ನುವಂತಿಲ್ಲ. ಅಪಾರ್ಟ್‌ಮೆಂಟ್ ಸಂಘಗಳಿವೆ, ಪೀಣ್ಯದ ಸಣ್ಣ ಕೈಗಾರಿಕೆಗಳ ಸಂಘವಿದೆ, ಕಾರ್ಮಿಕ ಸಂಘಟನೆಗಳಿವೆ, ಕೆರೆ ಉಳಿಸುವ ಗುಂಪುಗಳಿವೆ. ಕೊರತೆ ಇರುವುದು ಡಿವಿಜಿ ಮಾಡುತ್ತಿದ್ದ ನಡುವಣ ಕೆಲಸದಲ್ಲಿ. ಗುಂಡಿ ಬಿದ್ದ ರಸ್ತೆಯ ಫೋಟೊ ಎಲ್ಲರ ಮೊಬೈಲಿನಲ್ಲೂ ಇದೆ. ಆ ರಸ್ತೆಗೆ ಎಷ್ಟು ಹಣ ಮಂಜೂರಾಗಿತ್ತು, ಟೆಂಡರ್ ಯಾರಿಗಾಯಿತು, ಎಷ್ಟು ವರ್ಷ ಬಾಳಬೇಕಿತ್ತು ಎಂಬ ಕಾಗದವನ್ನು ಕೂತು ಓದಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೆರೆಯವರಿಗೆ ತಿಳಿಸುವವರು ಬೆರಳೆಣಿಕೆಯಷ್ಟು. ಕನ್ನಡ ಬಲ್ಲ ಹಳ್ಳಿಯ ಮೂಲನಿವಾಸಿಗೂ ಕನ್ನಡ ಬಾರದ ಫ್ಲ್ಯಾಟಿನ ನಿವಾಸಿಗೂ ಒಂದೇ ಚರಂಡಿ, ಒಂದೇ ಟ್ಯಾಂಕರ್ ನೀರು. ಇಬ್ಬರ ಅಹವಾಲನ್ನೂ ಒಂದೇ ಹಾಳೆಗೆ ತರುವುದಕ್ಕೆ ಎರಡು ಭಾಷೆಯಲ್ಲಿ ದುಡಿಯುವ ಸಂಪಾದಕನೇ ಬೇಕು.

ಡಿವಿಜಿಗೆ ಇಲ್ಲದ ಒಂದು ಆಯುಧ ಇಂದಿನವರ ಕೈಯಲ್ಲಿದೆ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಸೆಕ್ಷನ್ ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಆಯವ್ಯಯ, ಯೋಜನೆ, ಖರ್ಚುಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಅರ್ಜಿ ಹಾಕಿ ಕೇಳಬಹುದು. ಬುಲ್ ಟೆಂಪಲ್ ರಸ್ತೆಯಲ್ಲಿ ಡಿವಿಜಿ ಕಟ್ಟಿದಂಥ ಅಧ್ಯಯನ ಗೋಷ್ಠಿಯೊಂದು ಮಹದೇವಪುರದಲ್ಲಿ, ಇನ್ನೊಂದು ಪೀಣ್ಯದಲ್ಲಿ, ಮತ್ತೊಂದು ಎಲೆಕ್ಟ್ರಾನಿಕ್ ಸಿಟಿಯ ಗೇಟಿನಾಚೆ ದೊಡ್ಡತೋಗೂರಿನಲ್ಲಿ ಶುರುವಾಗಲು ದೊಡ್ಡ ಬಂಡವಾಳ ಬೇಕಿಲ್ಲ. ಸಂಘದ ಒಂದು ಕೋಣೆ, ಭಾನುವಾರದ ಎರಡು ಗಂಟೆ, ಓದಲು ತಾಳ್ಮೆಯಿರುವ ಹತ್ತು ಜನ ಸಾಕು. ಮೊದಲ ಭಾನುವಾರ ತಮ್ಮ ಪಾಲಿಕೆಯ ಈ ವರ್ಷದ ಬಜೆಟ್ ಪುಸ್ತಕ ತೆಗೆದು ತಮ್ಮ ವಾರ್ಡಿನ ಹೆಸರು ಎಷ್ಟು ಕಡೆ ಬಂದಿದೆ, ಪ್ರತಿ ಕಡೆಯೂ ಎಷ್ಟು ಹಣ ತೋರಿಸಿದೆ ಎಂದು ಪಟ್ಟಿ ಮಾಡಬಹುದು. ಎರಡನೆಯ ಭಾನುವಾರ ಆ ಪಟ್ಟಿಯನ್ನು ಎರಡೂ ಭಾಷೆಯಲ್ಲಿ ಅಚ್ಚುಹಾಕಿಸಿ ಬಸ್ ನಿಲ್ದಾಣದಲ್ಲೂ ಫ್ಲ್ಯಾಟಿನ ಲಿಫ್ಟಿನ ಪಕ್ಕದಲ್ಲೂ ಅಂಟಿಸಬಹುದು. ಮತ ಕೇಳಲು ಅಭ್ಯರ್ಥಿಗಳು ಮನೆಬಾಗಿಲಿಗೆ ಬರುವ ದಿನ ಆ ಪಟ್ಟಿ ಮತದಾರರ ಕೈಯಲ್ಲಿರಬೇಕು.